ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಕಂಪ್ಯೂಟರ್ ಧೂಳು ಹೊಡೆಸಬಹುದಾ?

ಸಂಡೂರು_ಡಿಟಿಪಿ:

ನಮಸ್ಕಾರ ಎಲ್ಲರಿಗೂ. ಸಂಡೂರಿನಲ್ಲಿ ನಂದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ರಸ್ತೆ ಪಕ್ಕದಲ್ಲೇ. ದಿನವಿಡೀ ಅದಿರು ಲಾರಿಗಳು ಓಡಾಡುತ್ತವೆ, ಬಾಗಿಲು ಮುಚ್ಚಿಟ್ಟರೂ ಕೆಂಪು ಧೂಳು ಒಳಗೆ ಬಂದೇ ಬರುತ್ತದೆ. ಮೂರು ಕಂಪ್ಯೂಟರ್ ಇವೆ. ಅದರಲ್ಲಿ ಫೋಟೋಶಾಪ್, ಕೋರಲ್‌ಡ್ರಾ ನಡೆಯುವ ಮಷೀನು ಈಗೀಗ ಮಧ್ಯಾಹ್ನ ಆದರೆ ಸಾಕು, ಫ್ಯಾನ್ ಜೋರಾಗಿ ಗುಂಯ್ ಅನ್ನುತ್ತದೆ. ಲಗ್ನಪತ್ರಿಕೆ ಫೈಲ್ ತೆರೆದರೆ ನಿಧಾನ. ಕೆಲವು ಸಲ ತಾನಾಗಿಯೇ ಆಫ್ ಆಗುತ್ತದೆ. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಪ್ರೊಸೆಸರ್ ತಣ್ಣಗಿಡುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್‌ನ ಸಂದಿಗಳೇ ಕಾಣುವುದಿಲ್ಲ, ಅಷ್ಟು ತುಂಬಿದೆ.

ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇದೆ, ದೊಡ್ಡ ಕಂಪ್ರೆಸರ್. ಅಂಗಡಿಯವನು ಸ್ನೇಹಿತ, ತಗೊಂಡು ಬಾ, ಒಂದೇ ನಿಮಿಷ ಹೊಡೆದು ಕೊಡ್ತೀನಿ ಅಂತಾನೆ. ಒಬ್ಬರು ಮದರ್‌ಬೋರ್ಡ್ ಹೋಗುತ್ತದೆ ಅಂತಾರೆ, ಇನ್ನೊಬ್ಬರು ಸರ್ವಿಸ್‌ನವರು ಮಾಡುವುದೂ ಅದನ್ನೇ ಅಂತಾರೆ. ಕ್ಯಾನಿನಲ್ಲಿ ಬರುವ ಗಾಳಿ ಇಲ್ಲಿ ಸಿಗಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ದುಬಾರಿ, ಒಂದು ಕ್ಯಾನ್ ಒಂದು ಮಷೀನಿಗೂ ಸಾಲುವುದಿಲ್ಲ. ಕಂಪ್ರೆಸರ್ ಬಳಸುವುದಾದರೆ ಎಷ್ಟು ಪ್ರೆಷರ್ ಇಡಬೇಕು? ಅದೇ ಗಾಳಿಯಲ್ಲಿ ಲೇಸರ್ ಪ್ರಿಂಟರ್, ಝೆರಾಕ್ಸ್ ಮಷೀನನ್ನೂ ಊದಬಹುದಾ?

ಬ್ಲೋವರ್_ಸಾಕು:

ಪಂಕ್ಚರ್ ಅಂಗಡಿಯದ್ದು ಬೇಡವೇ ಬೇಡ. ಕೈಯಲ್ಲಿ ಹಿಡಿಯುವ ಕರೆಂಟ್ ಬ್ಲೋವರ್ ತಗೊಳ್ಳಿ, ಬಡಗಿಗಳು ಮರದ ಹೊಟ್ಟು ಊದಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಟ್ಯಾಂಕ್ ಇಲ್ಲ, ಹಾಗಾಗಿ ನೀರೂ ಇಲ್ಲ, ಎಣ್ಣೆಯೂ ಇಲ್ಲ. ರೂಮಿನ ಗಾಳಿಯನ್ನೇ ಎಳೆದು ಊದುತ್ತದೆ. ಮೂರು ಮಷೀನು ಇರುವವರಿಗೆ ಬೇಗ ದುಡ್ಡು ಹುಟ್ಟುತ್ತದೆ.

ಕುಡ್ಲ_ಸರ್ವಿಸ್:

ಬೇಡ ಅನ್ನುವುದು ಸರಿ, ಆದರೆ ಯಾಕೆ ಬೇಡ ಅನ್ನುವುದು ಗೊತ್ತಿರಬೇಕು. ಎಲ್ಲರೂ ಪ್ರೆಷರ್‌ಗೆ ಹೆದರುತ್ತಾರೆ. ಪ್ರೆಷರ್ ತಗ್ಗಿಸಬಹುದು, ಅದು ದೊಡ್ಡ ವಿಷಯವೇ ಅಲ್ಲ. ತೊಂದರೆ ಇರುವುದು ಟ್ಯಾಂಕಿನೊಳಗೆ.

ಗಾಳಿಯನ್ನು ಮೀಟರಿನಲ್ಲಿ 8 ಬಾರ್ (ಹೊರಗಿನ ಗಾಳಿಯ ಒತ್ತಡ ಸುಮಾರು 1 ಬಾರ್, ಅದರ ಮೇಲೆ 8) ತೋರಿಸುವವರೆಗೆ ಒತ್ತಿದರೆ ಹೊರಗಿನ ಒಂಬತ್ತು ಲೀಟರ್ ಗಾಳಿ ಒಂದು ಲೀಟರ್ ಜಾಗದಲ್ಲಿ ಕೂರುತ್ತದೆ. ಆದರೆ ಆ ಒಂದು ಲೀಟರ್ ಜಾಗದಲ್ಲಿ ಎಷ್ಟು ನೀರಾವಿ ನಿಲ್ಲಬಹುದು ಅನ್ನುವುದು ಒತ್ತಡದಿಂದ ಹೆಚ್ಚಾಗುವುದಿಲ್ಲ, ಅದು ಬರೀ ಬಿಸಿಗೆ ಸಂಬಂಧಪಟ್ಟದ್ದು. ಹಾಗಾಗಿ ಟ್ಯಾಂಕ್ ತಣ್ಣಗಾಗುತ್ತಾ ಹೋದ ಹಾಗೆ ಉಳಿದದ್ದು ನೀರಾಗಿ ತಳಕ್ಕಿಳಿಯುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ತೇವ ನೂರಕ್ಕೆ 80 ಅಂತ ಇಟ್ಟುಕೊಂಡರೆ 24 ಗ್ರಾಂ. ಅದನ್ನು 8 ಬಾರ್‌ಗೆ ಒತ್ತಿ ಮತ್ತೆ 30 ಡಿಗ್ರಿಗೆ ತಣ್ಣಗಾಗಲು ಬಿಟ್ಟರೆ ಆವಿಯಾಗಿ ಉಳಿಯುವುದು ಮೂರು ಚಿಲ್ಲರೆ ಗ್ರಾಂ, ಮಿಕ್ಕ 20 ಗ್ರಾಂ ನೀರು. 24 ಲೀಟರಿನ ಸಣ್ಣ ಟ್ಯಾಂಕ್ ಒಮ್ಮೆ ತುಂಬಲು ಹೆಚ್ಚುಕಡಿಮೆ 200 ಲೀಟರ್ ಹೊರಗಿನ ಗಾಳಿ ಬೇಕು. ಅಂದರೆ ಒಂದು ಸಲ ತುಂಬಿಸಿದರೆ ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ ನೀರು. ಪಂಕ್ಚರ್ ಅಂಗಡಿಯ ದೊಡ್ಡ ಟ್ಯಾಂಕ್ ದಿನಕ್ಕೆ ಎಷ್ಟು ಸಲ ತುಂಬುತ್ತದೆ, ಲೆಕ್ಕ ಹಾಕಿ. ತಳದ ವಾಲ್ವ್ ತೆರೆದು ದಿನಾ ನೀರು ಬಿಡುವವರು ಕಡಿಮೆ. ಬಿಟ್ಟಾಗ ಏನು ಬರುತ್ತದೆ ನೋಡಿ: ತುಕ್ಕು ಬೆರೆತು, ಮೇಲೆ ಎಣ್ಣೆ ತೇಲುವ ಕಂದು ನೀರು.

ಇನ್ನು ಎಣ್ಣೆ. ಅಂಥ ದೊಡ್ಡ ಕಂಪ್ರೆಸರ್‌ಗಳ ಪಿಸ್ಟನ್ ಎಣ್ಣೆಯಲ್ಲೇ ಓಡುವುದು. ರಿಂಗ್ ಸವೆದ ಹಾಗೆಲ್ಲ ಗಾಳಿ ಜೊತೆ ಎಣ್ಣೆಯೂ ಮಂಜಾಗಿ ಬರುತ್ತದೆ. ಟೈರಿಗೆ ಏನೂ ಆಗಲ್ಲ. ಮದರ್‌ಬೋರ್ಡ್ ಮೇಲೆ ಆ ಪದರ ಕೂತರೆ ಇವತ್ತೇ ಸುಡುವುದಿಲ್ಲ, ಮಷೀನು ಆನ್ ಆಗುತ್ತದೆ, ನೀವೂ ಖುಷಿಯಾಗುತ್ತೀರಿ. ಆಮೇಲೆ ನಿಮ್ಮ ಕೆಂಪು ಧೂಳು ಅದಕ್ಕೆ ಅಂಟಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ. ನೀರು ಹಾಗಲ್ಲ. ಪ್ರೊಸೆಸರ್ ಸಾಕೆಟ್ ಸುತ್ತ, ರ‍್ಯಾಮ್ ಸ್ಲಾಟ್ ಒಳಗೆ ಒಂದು ಹನಿ ಕೂತು, ಒಣಗುವ ಮೊದಲೇ ಪ್ಲಗ್ ಹಾಕಿದರೆ ಮುಗಿಯಿತು.

ಒಂದು ಬಿಳಿ ಹಾಳೆ ತಗೊಂಡು ಹೋಗಿ. ಗನ್ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಸ್ವಲ್ಪ ಹೊತ್ತು ಊದಿಸಿ. ಹನಿ ಕಂಡರೆ ನೀರು. ಒಣಗಿದ ಮೇಲೂ ಕಲೆ ಹೋಗದೆ, ಬೆಳಕಿಗೆ ಹಿಡಿದಾಗ ಆ ಜಾಗ ಮಾತ್ರ ಆಚೆ ಕಾಣುವಂತಿದ್ದರೆ ಎಣ್ಣೆ.

ಹಳೇ_ಮೆಕ್ಯಾನಿಕ್:

ಸುಮ್ನೆ ಹೆದರಿಸಬೇಡಿ. ನಾವು ಚಿತ್ರದುರ್ಗದಲ್ಲಿ ವರ್ಷಗಟ್ಟಲೆ ಗ್ಯಾರೇಜ್ ಕಂಪ್ರೆಸರ್‌ನಲ್ಲೇ ಹೊಡೆದಿದ್ದೇವೆ, ಒಂದು ಮಷೀನೂ ಹೋಗಿಲ್ಲ.

ಕುಡ್ಲ_ಸರ್ವಿಸ್:

ಇರಬಹುದು. ಚಿತ್ರದುರ್ಗದ ಬೇಸಿಗೆ ಗಾಳಿಯಲ್ಲಿ ನೀರೇ ಕಡಿಮೆ. ಅದೇ ಕಂಪ್ರೆಸರನ್ನು ಜುಲೈನಲ್ಲಿ ಉಡುಪಿಗೆ ತಂದು ಓಡಿಸಿದರೆ ಬೇರೆ ಕಥೆ. ನಿಮ್ಮವರು ದಿನಾ ನೀರು ಬಿಡುವ ಅಭ್ಯಾಸ ಇಟ್ಟುಕೊಂಡಿದ್ದರೆ ಅದೂ ಒಂದು ಕಾರಣ. ಕೇಳಿದವರಿಗೆ ಇದು ದುಡಿಯುವ ಮಷೀನು, ಅದಕ್ಕೇ ಹಾಳೆ ಹಿಡಿದು ನೋಡಿ ಅಂದದ್ದು. ಒಂದು ನಿಮಿಷದ ಕೆಲಸ.

ಮರಗೆಲಸ_ಶಿರಸಿ:

ನನ್ನ ಹತ್ತಿರ ವರ್ಕ್‌ಶಾಪಿನಲ್ಲಿ ಎಣ್ಣೆ ಇಲ್ಲದ 24 ಲೀಟರ್ ಕಂಪ್ರೆಸರ್ ಇದೆ. ಮನೆಯ ಕಂಪ್ಯೂಟರ್‌ಗೂ ಅದನ್ನೇ ಬಳಸುತ್ತೇನೆ. ಸರಿಯಾಗಿ ಬಳಸಿದರೆ ಬ್ಲೋವರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಗಾಳಿ ಸಣ್ಣ ಜಾಗಕ್ಕೆ ನೇರ ಹೋಗುತ್ತದೆ, ಹೀಟ್‌ಸಿಂಕ್ ಸಂದಿಗೆ ಅದೇ ಬೇಕಾದ್ದು.

ಮೊದಲು ಟ್ಯಾಂಕ್ ಖಾಲಿ ಮಾಡಿ ತಳದ ವಾಲ್ವ್ ತೆರೆದು ನೀರು ಬಿಡಿ. ವಾಲ್ವ್ ಮುಚ್ಚಿ ತುಂಬಿಸಿ. ತುಂಬಿದ ತಕ್ಷಣ ಊದಲು ಹೋಗಬೇಡಿ, ಆಗ ಗಾಳಿ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ಪೈಪಿನೊಳಗೆ ಬಂದು ಅಲ್ಲಿ ಹನಿಯಾಗುತ್ತದೆ. ಟ್ಯಾಂಕ್ ಮುಟ್ಟಿದರೆ ತಣ್ಣಗಿರಬೇಕು. ವಾಟರ್ ಸೆಪರೇಟರ್ ಹಾಕುವವರು ಕಂಪ್ರೆಸರ್ ಬಾಯಿಗೇ ಹಾಕುತ್ತಾರೆ, ಅದಕ್ಕಿಂತ ಪೈಪಿನ ಈಚೆ ತುದಿಯಲ್ಲಿ, ಗನ್ ಹತ್ತಿರ ಹಾಕಿದರೆ ಜಾಸ್ತಿ ನೀರು ಹಿಡಿಯುತ್ತದೆ. ಮೊದಲ ಒಂದೆರಡು ಊದು ಯಾವಾಗಲೂ ನೆಲದ ಕಡೆಗೆ.

ಪ್ರೆಷರ್ 30 ಪಿಎಸ್‌ಐ, ಅಂದರೆ ಸುಮಾರು 2 ಬಾರ್. ಅದರಲ್ಲಿ ಹೋಗದಿದ್ದರೆ 40. ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಅಮೆರಿಕದ ಕಾರ್ಖಾನೆಗಳ ಸುರಕ್ಷತಾ ನಿಯಮದಲ್ಲೂ ಗಾಳಿಯಿಂದ ಸ್ವಚ್ಛ ಮಾಡುವಾಗ ಪ್ರೆಷರ್ 30 ಪಿಎಸ್‌ಐಗಿಂತ ಕಡಿಮೆ ಇರಬೇಕು ಅಂತಲೇ ಇದೆ, ಅದು ಮನುಷ್ಯರ ಮೈ ಕಾಪಾಡಲು ಮಾಡಿದ ನಿಯಮ. ಪಂಕ್ಚರ್ ಅಂಗಡಿಯಲ್ಲಿ ಪ್ರೆಷರ್ ತಗ್ಗಿಸುವ ರೆಗ್ಯುಲೇಟರ್ ಇಲ್ಲದಿದ್ದರೆ ನಿಮಗೆ ಸಿಗುವುದು 100 ದಾಟಿದ ಗಾಳಿ. ಅದು ಬೋರ್ಡಿನ ಪಿನ್ ಮೇಲೆ ಕೂರುವ ಸಣ್ಣ ಜಂಪರ್ ಕ್ಯಾಪ್ ಹಾರಿಸುತ್ತದೆ, ಸಡಿಲ ವೈರ್ ಕೀಳುತ್ತದೆ, ಧೂಳನ್ನು ಹೊರಗೆ ಹಾಕುವ ಬದಲು ಸ್ಲಾಟ್‌ಗಳ ಒಳಗೆ ತುರುಕುತ್ತದೆ. ನಾಜಲ್ ಅರ್ಧ ಅಡಿ ದೂರ ಇರಲಿ, ಓರೆಯಾಗಿ, ತಡೆತಡೆದು ಊದಿ. ಹಾರ್ಡ್ ಡಿಸ್ಕ್ ಮೇಲೆ ಒಂದು ಸಣ್ಣ ತೂತು ಇರುತ್ತದೆ, ಮುಚ್ಚಬೇಡಿ ಅಂತ ಪಕ್ಕದಲ್ಲೇ ಬರೆದಿರುತ್ತದೆ, ಆ ಕಡೆ ನೇರ ಗಾಳಿ ಬೇಡ.

ಮುಖ್ಯವಾದದ್ದು ಫ್ಯಾನ್. ಫ್ಯಾನನ್ನು ತಿರುಗಲು ಬಿಡಬೇಡಿ. ಗಾಳಿ ತಾಗಿದಾಗ ಅದು ಕಿರುಚುತ್ತದಲ್ಲ, ಕೇಳಲು ಮಜಾ ಅಂತ ಎಷ್ಟೋ ಜನ ಬೇಕೆಂದೇ ಊದುತ್ತಾರೆ. ನಿಮಿಷಕ್ಕೆ 1500 ಸುತ್ತಿಗೆ ಮಾಡಿದ ಫ್ಯಾನ್ ಅದು, ಕಂಪ್ರೆಸರ್ ಗಾಳಿಯಲ್ಲಿ ಅದರ ಎಷ್ಟೋ ಪಟ್ಟು ವೇಗಕ್ಕೆ ಹೋಗುತ್ತದೆ. ಬೇರಿಂಗ್ ಸವೆಯುತ್ತದೆ, ಎಸಳು ಮುರಿದು ಹಾರಲೂಬಹುದು. ಎಸಳುಗಳ ನಡುವೆ ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿ ಊದಿ, ಆಮೇಲೆ ಮರೆಯದೆ ತೆಗೆಯಿರಿ.

ಮತ್ತೆ ಅಂಗಡಿ ಒಳಗೆ ಮಾಡಬೇಡಿ. ಹೊರಗೆ ತಂದು ಮಾಡಿ, ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ನಿಮ್ಮದು ಅದಿರಿನ ಧೂಳು, ಒಳಗೆ ಎಳೆದುಕೊಳ್ಳುವಂಥದ್ದಲ್ಲ.

ಸಂಡೂರು_ಡಿಟಿಪಿ:

ತುಂಬಾ ಧನ್ಯವಾದ. ನಿನ್ನೆ ಸಂಜೆ ಹಾಳೆ ಹಿಡಿದು ನೋಡಿದೆವು. ಮೊದಲು ನೀರಿನ ತುಂತುರು, ಒಣಗಿದ ಮೇಲೆ ಹಳದಿ ಎಣ್ಣೆ ಕಲೆ. ಸ್ನೇಹಿತನಿಗೇ ಆಶ್ಚರ್ಯ. ತಳದ ವಾಲ್ವ್ ತುಕ್ಕು ಹಿಡಿದಿತ್ತು, ಸ್ಪ್ಯಾನರ್ ಹಾಕಿ ತಿರುಗಿಸಬೇಕಾಯಿತು, ಬಕೆಟ್ ಇಟ್ಟು ನೀರು ಹಿಡಿದೆವು. ಹಾಗಾಗಿ ಬ್ಲೋವರ್ ತಂದೆ. ಫ್ಯಾನ್, ತಳ, ಮುಂದಿನ ಜಾಲರಿ ಎಲ್ಲಾ ಚೆನ್ನಾಗಿ ಹೋಯಿತು. ಹೀಟ್‌ಸಿಂಕ್ ಮಾತ್ರ ಹೋಗುತ್ತಿಲ್ಲ. ಧೂಳು ಜಿಡ್ಡುಜಿಡ್ಡಾಗಿದೆ. ಮಷೀನಿನ ಮೇಲಿನ ಗೋಡೆಯಲ್ಲೇ ದೇವರ ಫೋಟೋ ಇದೆ, ದಿನಾ ಊದುಬತ್ತಿ ಹಚ್ಚುತ್ತೇವೆ. ಅದರ ಹೊಗೆ ಇರಬಹುದಾ? ಇನ್ನೊಂದು, ಕ್ಲೀನ್ ಮಾಡುವಾಗ ಅರ್ತಿಂಗ್ ಇರಲಿ ಅಂತ ಪ್ಲಗ್ ಹಾಕಿಟ್ಟು ಸ್ವಿಚ್ ಮಾತ್ರ ಆಫ್ ಮಾಡಿ ಅಂತ ಎಲ್ಲೋ ಓದಿದೆ. ಸರಿಯಾ?

ಲ್ಯಾಬ್_ಧಾರವಾಡ:

ಪ್ಲಗ್ ಕಿತ್ತೇ ಬಿಡಿ. ನಮ್ಮ ಹಳೆ ಕಟ್ಟಡಗಳ ವೈರಿಂಗ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವಲ್ಲ. ಹಾಗಿದ್ದಾಗ ಸ್ವಿಚ್ ಆಫ್ ಮಾಡಿದರೂ ಒಳಗೆ ಕರೆಂಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಮಷೀನಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರುತ್ತದೆ, ಬಟನ್ ಒತ್ತಿದ್ದರಿಂದ ಪೂರ್ತಿ ಹೋಯಿತು ಅಂತ ನಂಬುವ ಹಾಗಿಲ್ಲ. ಹೊರಗಿನ ಜಾಲರಿಯಿಂದಲೇ ಊದಿ, ಅಷ್ಟು ಸಾಕು.

ಸ್ಟ್ಯಾಟಿಕ್ (ಉಜ್ಜಾಟದಿಂದ ಕೂರುವ ವಿದ್ಯುತ್) ಬಗ್ಗೆ ಒಂದು ಮಾತು. ಒಣ ಹವೆಯಲ್ಲಿ, ಪ್ಲಾಸ್ಟಿಕ್ ನಾಜಲ್‌ಗೆ ಧೂಳು ಉಜ್ಜುತ್ತಾ ಹೋದರೆ ಚಾರ್ಜ್ ಕೂರುತ್ತದೆ. ಬ್ಲೋವರ್ ನಾಜಲ್ ಬೋರ್ಡಿಗೆ ತಾಗದಿರಲಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದರಲ್ಲಿ ಇನ್ನೂ ಕೆಟ್ಟದ್ದು, ಅದನ್ನು ಬೋರ್ಡ್ ಹತ್ತಿರ ತರಬೇಡಿ. ಕ್ಯಾಬಿನೆಟ್‌ನ ಬಣ್ಣ ಹಚ್ಚದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ, ನಿಮಗೂ ಬೋರ್ಡಿಗೂ ನಡುವೆ ವ್ಯತ್ಯಾಸ ಉಳಿಯುವುದಿಲ್ಲ.

ಜಿಡ್ಡಿಗೆ ಹೆಚ್ಚಾಗಿ ಊದುಬತ್ತಿ ಹೊಗೆಯೇ ಕಾರಣ ಇರಬೇಕು. ಹೊಗೆಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಫ್ಯಾನ್ ಅದನ್ನು ಎಳೆದು ಹೀಟ್‌ಸಿಂಕ್‌ಗೆ ಬಳಿಯುತ್ತದೆ. ಅದಕ್ಕೆ ಯಾವ ಗಾಳಿಯೂ ಸಾಲದು. ಹೀಟ್‌ಸಿಂಕ್ ಬಿಚ್ಚಿ ಹೊರಗೆ ತೆಗೆಯಬೇಕು. ಪ್ರೊಸೆಸರ್ ಎಎಂಡಿ ಕಂಪನಿಯದು, ಅದು ಕೂರುವ ಜಾಗ ಎಎಂ4 ಸಾಕೆಟ್ ಆಗಿದ್ದರೆ ಜೋಪಾನ, ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೇ ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರ್ ಕೂಡ ಹೀಟ್‌ಸಿಂಕ್‌ಗೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಕೆಳಗಿನ ಪಿನ್‌ಗಳು ಬಾಗುತ್ತವೆ. ಬಿಚ್ಚುವ ಮೊದಲು ಮಷೀನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಹೀಟ್‌ಸಿಂಕನ್ನು ಆಚೀಚೆ ಮೆಲ್ಲಗೆ ತಿರುಚಿ ಬಿಡಿಸಿ, ನೇರ ಮೇಲಕ್ಕೆ ಎಳೆಯಬೇಡಿ. ಫ್ಯಾನ್ ಬೇರೆ ಮಾಡಿ. ಬರೀ ಲೋಹದ ಭಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಕಿಟಕಿ ತೆರೆದಿರಲಿ, ಊದುಬತ್ತಿ, ದೀಪ ಹತ್ತಿರ ಇರಬಾರದು. ಪೂರ್ತಿ ಒಣಗಿದ ಮೇಲೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ.

ಮಷೀನಿನ ಜಾಗ ಬದಲಿಸಿ. ಇಲ್ಲದಿದ್ದರೆ ಮತ್ತೆ ಇದೇ ಕೆಲಸ.

ಬೆಂಗಳೂರು_ಬಾಡಿಗೆಮನೆ:

ಮಧ್ಯೆ ಕೇಳುತ್ತಿದ್ದೇನೆ. ಲ್ಯಾಪ್‌ಟಾಪ್‌ಗೂ ಹೊರಗಿನ ತೂತಿನಿಂದಲೇ ಬ್ಲೋವರ್ ಹಿಡಿದರೆ ಸಾಕಾ?

ಕುಡ್ಲ_ಸರ್ವಿಸ್:

ಹೊಸ ಲ್ಯಾಪ್‌ಟಾಪ್‌ಗೆ ಸಾಕು. ಹಳೆಯದಕ್ಕೆ ಇಲ್ಲ. ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಧೂಳು ಕಂಬಳಿಯ ತುಂಡಿನ ಹಾಗೆ ಒಂದೇ ಪದರವಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಆ ತುಂಡು ಒಳಗೆ ಹೋಗಿ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಚಿಮಟದಲ್ಲಿ ಎತ್ತಿ ಹಾಕಿ.

ಸಂಡೂರು_ಡಿಟಿಪಿ:

ನನ್ನ ಮಷೀನಿನದು ಇಂಟೆಲ್, ಹೀಟ್‌ಸಿಂಕ್ ಆರಾಮಾಗಿ ಬಂತು. ಉಜ್ಜಿದ ಮೇಲೆ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿದೆ. ಹೊಸ ಪೇಸ್ಟ್ ಹಾಕಿ ಬಿಸಿ ತೋರಿಸುವ ಸಾಫ್ಟ್‌ವೇರ್ ಎಚ್‌ಡಬ್ಲ್ಯೂಮಾನಿಟರ್‌ನಲ್ಲಿ ನೋಡಿದೆ, ಮೊದಲು ಕೋರಲ್‌ಡ್ರಾ ತೆರೆದರೆ 98 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 70ರ ಆಸುಪಾಸು. ಫ್ಯಾನ್ ಸದ್ದೇ ಇಲ್ಲ. ಪ್ರಿಂಟರ್ ವಿಷಯ ಯಾರೂ ಹೇಳಲಿಲ್ಲ. ಬ್ಲೋವರ್ ಹೇಗೂ ಕೈಯಲ್ಲಿದೆ, ಅದನ್ನೂ ಊದಿಬಿಡಲಾ?

ಲ್ಯಾಬ್_ಧಾರವಾಡ:

ಬೇಡ, ದಯವಿಟ್ಟು ಊದಬೇಡಿ. ಅಲ್ಲಿರುವುದು ಧೂಳಲ್ಲ, ಟೋನರ್. ಬಹಳ ನುಣುಪಾದ ಪ್ಲಾಸ್ಟಿಕ್ ಪುಡಿ, ಒಂದೊಂದು ಕಣ 5ರಿಂದ 10 ಮೈಕ್ರಾನ್. ಊದಿದರೆ ಅಂಗಡಿ ತುಂಬಾ ಹಾರಿ ಎಷ್ಟೋ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ, ಈಗ ತಾನೇ ಕ್ಲೀನ್ ಮಾಡಿದ ಕಂಪ್ಯೂಟರ್ ಒಳಗೂ ಹೋಗುತ್ತದೆ. ಇಷ್ಟು ನುಣ್ಣಗಿನ ಪ್ಲಾಸ್ಟಿಕ್ ಪುಡಿ ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅಪಾಯವೂ ಇದೆ, ಬ್ಲೋವರ್ ಮೋಟರ್‌ನ ಬ್ರಷ್‌ನಲ್ಲಿ ಕಿಡಿ ಇದ್ದೇ ಇರುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಫಿಲ್ಟರ್‌ನಿಂದಲೂ ಟೋನರ್ ಆಚೆ ಬರುತ್ತದೆ, ಇದಕ್ಕೆ ಬೇರೆಯದೇ ಟೋನರ್ ವ್ಯಾಕ್ಯೂಮ್ ಇದೆ. ಝೆರಾಕ್ಸ್ ಸರ್ವಿಸ್‌ಗೆ ಬರುವವರ ಹತ್ತಿರ ಇದೆಯಾ ಕೇಳಿ.

ಅಲ್ಲಿವರೆಗೆ ಪ್ಲಗ್ ಕಿತ್ತು, ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಫ್ಯೂಸರ್ ಪೂರ್ತಿ ತಣ್ಣಗಾದ ಮೇಲೆ, ಕಾರ್ಟ್ರಿಡ್ಜ್ ತೆಗೆದು ಅಕ್ಷರ ಮೂಡಿಸುವ ಡ್ರಮ್‌ಗೆ ಬೆಳಕು ತಾಗದ ಹಾಗೆ ಬಟ್ಟೆ ಮುಚ್ಚಿಡಿ. ಒಳಗೆ ಎಳೆ ಬಿಡದ ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕೈಗೆ, ಅಂಗಿಗೆ ಅಂಟಿದರೆ ಬಿಸಿನೀರು ಹಾಕಬೇಡಿ, ಅದು ಕರಗಿ ಅಂಟಿಕೊಳ್ಳುತ್ತದೆ. ಮೊದಲು ಕೊಡವಿ, ಆಮೇಲೆ ತಣ್ಣೀರು.