ಓದುಗರ ಸ್ಪಂದನ: ಬೋರ್ಡು ಆಮೇಲೆ ಬರೆಸಿ, ಸರ್

ಕಳೆದ ಸಂಚಿಕೆಯ ಪ್ರಶ್ನೆ: ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು 60ಕ್ಕೆ ನಿವೃತ್ತನಾದೆ. ಎರಡು ವರ್ಷವಾಯಿತು. ಹೆಂಡತಿ ಕಾಯಿಲೆ ಬಿದ್ದು, ತೀರಿಕೊಂಡು ಒಂದು ವರ್ಷ. ಬೆಳಿಗ್ಗೆ ಪೇಪರ್ ಓದಿ ಮುಗಿದರೆ ಆಮೇಲೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಊರಿನ ಬಡ ವೃದ್ಧರಿಗಾಗಿ ಒಂದು ಸೇವಾ ಸಂಸ್ಥೆ ಕಟ್ಟುವ ಆಸೆ. ಇಡುಗಂಟಿನಲ್ಲಿ 8 ಲಕ್ಷ ಹಾಕಲು ಸಿದ್ಧನಿದ್ದೇನೆ. ಮಗ, ಮಗಳು ಬೇಡವೇ ಬೇಡ ಅನ್ನುತ್ತಾರೆ. ಸ್ನೇಹಿತರು "ಎಲೆಕ್ಷನ್ನಿಗೆ ನಿಲ್ಲೋ ಯೋಚನೆನಾ?" ಎಂದು ನಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಅರಸೀಕೆರೆ

ಸರ್, ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಾನು 34 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತಿಯಾದ ಹೊಸತರಲ್ಲಿ ಒಂಬತ್ತೂವರೆಗೆ ಸರಿಯಾಗಿ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದೆ. ಹೋಗುವುದು ಎಲ್ಲಿಗೆ?

ನನಗೆ ದಾರಿ ಸಿಕ್ಕಿದ್ದು ಒಂದು ಪಾಸ್‌ಬುಕ್ಕಿನಿಂದ. ಪಕ್ಕದ ಬೀದಿಯ ಅಜ್ಜಿಯೊಬ್ಬರು "ಇದರಾಗೆ ಎಷ್ಟೈತೆ ನೋಡಿ ಹೇಳಪ್ಪ" ಎಂದು ಮಗನ ಪಾಸ್‌ಬುಕ್ ತಂದರು. ಮಗ ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಮದುವೆಯಾಗಿರಲಿಲ್ಲ. 46ಕ್ಕೇ ತೀರಿಕೊಂಡು ಏಳು ತಿಂಗಳಾಗಿತ್ತು. ಹಾಲಿನ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಉಳಿದಿದ್ದ ಹಣ 212 ರೂಪಾಯಿ. ಆದರೆ ನನ್ನ ಕಣ್ಣು ಹೋಗಿದ್ದು ಮೇ ತಿಂಗಳ ಒಂದು ಸಾಲಿನ ಮೇಲೆ. 436 ರೂಪಾಯಿ ಕಡಿತ.

ಬ್ಯಾಂಕಿನಲ್ಲಿ ಇದ್ದವರಿಗೆ ಆ ಮೊತ್ತ ಕಂಡ ಕೂಡಲೇ ಗೊತ್ತಾಗುತ್ತದೆ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಒಂದು ವರ್ಷದ ಕಂತು. ವಿಮೆ ಚಾಲ್ತಿಯಲ್ಲಿದ್ದಾಗ ಖಾತೆದಾರ ತೀರಿಕೊಂಡರೆ ನಾಮಿನಿಗೆ 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತ ಕಂಡರೆ ಅದು ಸುರಕ್ಷಾ ಬಿಮಾ, ಅಪಘಾತಕ್ಕೆ. ಆ ಅಜ್ಜಿಗೆ ಇದೊಂದೂ ಗೊತ್ತಿರಲಿಲ್ಲ. ಅವರೇ ನಾಮಿನಿ. ಮರಣ ಪ್ರಮಾಣ ಪತ್ರ, ಆಧಾರ್, ಕ್ಲೇಮ್ ಫಾರಂ ಎಲ್ಲ ಜೋಡಿಸಿಕೊಂಡು ಶಾಖೆಗೆ ಹೋದೆವು. ಇಷ್ಟು ತಡವಾಗಿ ಬಂದಿದ್ದೀರಿ ಎಂದರು, ನಾಳೆ ಬನ್ನಿ ಎಂದರು, ಸಾಹೇಬರು ರಜೆ ಎಂದರು. ಐದು ಸಲ ಓಡಾಡಿದೆವು. ನಾಲ್ಕು ತಿಂಗಳಿಗೆ ಹಣ ಬಂತು. ಅಜ್ಜಿ ಹಲಸಿನ ತೊಳೆ ಬಿಡಿಸಿ ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಮಗ ಹೋಗಿ ಬಂದ ದುಡ್ಡು, ಖುಷಿ ಪಡುವಂಥದ್ದೂ ಅಲ್ಲ. ಆದರೆ ಆ ರಾತ್ರಿ ನನಗೆ ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮರುವಾರದಿಂದ ಸೋಮವಾರ, ಗುರುವಾರ ಬೆಳಿಗ್ಗೆ ದೇವಸ್ಥಾನದ ಪಕ್ಕದ ಕಟ್ಟೆಯ ಬಳಿ ಮಡಚುವ ಮೇಜು ಹಾಕಿ ಕೂತೆ. ಎರಡು ಕುರ್ಚಿ, ಇಂಕ್ ಪ್ಯಾಡು, ಗೋಂದು, ಒಂದು ಭೂತಗನ್ನಡಿ. ಎಲ್ಲ ಸೇರಿ 3 ಸಾವಿರ ದಾಟಲಿಲ್ಲ. ಬರುವವರ ತೊಂದರೆಗಳು ನಿಮಗೆ ಹೊಸದಲ್ಲ. 65 ತುಂಬಿದರೂ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿಯನ್ನೇ ಹಾಕದವರು ಇದ್ದಾರೆ. ತಿಂಗಳಿಗೆ 1,200 ರೂಪಾಯಿ ಅದು, ಮಾತ್ರೆ ಖರ್ಚಾದರೂ ನಡೆಯುತ್ತದೆ. ಬರುತ್ತಿದ್ದ ಹಣ ಏಕಾಏಕಿ ನಿಂತವರು ಬರುತ್ತಾರೆ. ನೋಡಿದರೆ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ದುಡಿದು ದುಡಿದು ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಮೆಷಿನ್ನು ತಗೊಳ್ಳುವುದೇ ಇಲ್ಲ. ನಾಡಕಚೇರಿ ಕೌಂಟರಿನ ಮುಂದೆ ಒಬ್ಬರೇ ನಿಂತರೆ ಅವರಿಗೆ ಎದೆ ನಡುಗುತ್ತದೆ, ನಾವು ಪಕ್ಕದಲ್ಲಿದ್ದರೆ ಸಾಕು. ಕಚೇರಿಯ ಒಳಗಿದ್ದವರು ನೀವು. ಯಾವ ಫೈಲು ಯಾವ ಮೇಜಿನ ಮೇಲೆ ಕೂತಿರುತ್ತದೆ ಎಂದು ನನಗಿಂತ ನಿಮಗೆ ಜಾಸ್ತಿ ಗೊತ್ತು. ಒಂದು ಮಾತ್ರ ಶುರುವಿನಿಂದಲೇ ಪಾಲಿಸಿ. ಯಾರ ಒಟಿಪಿ, ಎಟಿಎಂ ಪಿನ್ ಕೇಳಬೇಡಿ. ಯಾರದೇ ಮೂಲ ದಾಖಲೆ ನಿಮ್ಮ ಮನೆಯಲ್ಲಿ ಒಂದು ರಾತ್ರಿಯೂ ಇಟ್ಟುಕೊಳ್ಳಬೇಡಿ.

ನಾವು ಸಂಘ ಮಾಡಿದ್ದು ಒಂದೂವರೆ ವರ್ಷದ ಮೇಲೆ, ಜನ ದುಡ್ಡು ಕೊಡಲು ಮುಂದೆ ಬಂದಾಗ. ಬೇರೆಯವರ ದುಡ್ಡು ಬಂದರೆ ಲೆಕ್ಕ ಬೇಕೇ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಮಂದಿ ಸೇರಬೇಕು, ವರ್ಷವರ್ಷ ಆಡಿಟ್ ಮಾಡಿಸಿ ಲೆಕ್ಕ ಸಲ್ಲಿಸಬೇಕು. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸುತ್ತಾರೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಾವಂತೂ ನಗದು ಮುಟ್ಟುವುದೇ ಇಲ್ಲ. ನಿಮ್ಮ ಸಮಯ ಮಾತ್ರ ಕೊಡುವಾಗ ಇದೊಂದೂ ಬೇಕಿಲ್ಲ. 8 ಲಕ್ಷ ಬ್ಯಾಂಕಿನಲ್ಲೇ ಇರಲಿ ಸರ್, ಬೋರ್ಡು ಆಮೇಲೆ ಬರೆಸಿ. ನಾಳೆ ಒಂದು ಮೇಜು ಹಾಕಿ.
– ನಿವೃತ್ತ ಬ್ಯಾಂಕ್ ನೌಕರ, ತಿಪಟೂರು

ನಮ್ಮ ಮನೆಯವರೂ ನಿಮ್ಮ ಹಾಗೇ ಆಸೆಪಟ್ಟವರು. ಹಳ್ಳಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಬೇಕೆಂದು ಇಡುಗಂಟಿನಿಂದ ಆರು ಮೆಷಿನ್ ತಂದರು, ಬಾಡಿಗೆಗೆ ಮಳಿಗೆ ಹಿಡಿದರು. ಉದ್ಘಾಟನೆಗೆ ಶಾಮಿಯಾನ, ಮೈಕು, ಶಾಲು, ಹಣ್ಣಿನ ಬುಟ್ಟಿ. ಅದಕ್ಕೇ 40 ಸಾವಿರ ಹೋಯಿತು. ಕ್ಲಾಸು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರು. ನಮ್ಮಲ್ಲಿ ಅದು ಅಡಿಕೆ ಸುಲಿಯುವ ಕಾಲ. ಹೆಂಗಸರಿಗೆ ಕೈತುಂಬ ಕೆಲಸ ಸಿಗುವುದೇ ಆಗ, ಹಗಲೂ ರಾತ್ರಿಯೂ ಸುಲಿಯುತ್ತಾರೆ. ಹೊಲಿಗೆಗೆ ಯಾರು ಬರುತ್ತಾರೆ? ಯಾವ ಹೊತ್ತು ಬಿಡುವು ಎಂದು ಅವರನ್ನು ಒಂದು ಮಾತು ಕೇಳಿರಲಿಲ್ಲ. ಮೆಷಿನ್ನುಗಳ ಮೇಲೆ ಹೊದಿಸಿದ ಬಟ್ಟೆ ಆರು ತಿಂಗಳು ತೆಗೆಯಲಿಲ್ಲ. ನಮ್ಮವರು ಊಟ ಬಿಟ್ಟರು, ಬಿಪಿ ಏರಿತು.

ಕೊನೆಗೆ ನಾನೇ ಮನೆಮನೆಗೆ ಹೋಗಿ ಕೇಳಿದೆ. ಮಳಿಗೆ ಬಿಟ್ಟು, ಮೆಷಿನ್ನುಗಳನ್ನು ಮೂರು ಕೇರಿಗಳಲ್ಲಿ ಒಬ್ಬೊಬ್ಬರ ಮನೆಯಲ್ಲಿ ಎರಡೆರಡು ಇಟ್ಟೆವು. ಈಗ ಬಿಡುವಿದ್ದವರು ಬಂದು ಹೊಲಿಯುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಬ್ಲೌಸು, ಫಾಲ್ಸು, ಶಾಲೆ ಮಕ್ಕಳ ಲಂಗ. ನಮ್ಮವರು ದಾರ, ಸೂಜಿ, ಎಣ್ಣೆ ಹಿಡಿದುಕೊಂಡು ಸೈಕಲ್ಲಿನಲ್ಲಿ ಸುತ್ತುತ್ತಾರೆ. ದಯವಿಟ್ಟು ಮೊದಲು ಕೇಳಿ, ಆಮೇಲೆ ಖರ್ಚು ಮಾಡಿ.
– ಓದುಗಿ, ಸಾಗರ

ಅಂಕಲ್, ನಾನು ನಿಮ್ಮ ಮಗಳ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ಅಮ್ಮ ಹದಿನಾಲ್ಕು ತಿಂಗಳು ಮಲಗಿದಲ್ಲೇ ಇದ್ದು ಹೋದರು. ಆಮೇಲೆ ಮನೆಯಲ್ಲಿ ಉಳಿದದ್ದು ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ, ಬೆನ್ನು ಹುಣ್ಣಾಗದಿರಲೆಂದು ತಂದಿದ್ದ ಗಾಳಿ ಹಾಸಿಗೆ. ಅಪ್ಪ ಅವನ್ನೆಲ್ಲ ಬೇಕಾದವರಿಗೆ ಉಚಿತವಾಗಿ ಕೊಡುತ್ತೇನೆ, ಕೆಲಸ ಮುಗಿದ ಮೇಲೆ ವಾಪಸ್ ತಂದರೆ ಸಾಕು ಎಂದಾಗ ನಾನು ಫೋನಿನಲ್ಲೇ ಕೂಗಾಡಿದೆ. ದುಡ್ಡು ಹೋಗುತ್ತದೆ, ಜನ ಮೋಸ ಮಾಡುತ್ತಾರೆ ಎಂದೆ. ನಿಜ ಅದಾಗಿರಲಿಲ್ಲ. ಅಮ್ಮನ ಗಾಲಿಕುರ್ಚಿಯಲ್ಲಿ ಇನ್ಯಾರೋ ಕೂರುವುದು ನನ್ನಿಂದ ತಡೆಯಲಾಗಲಿಲ್ಲ, ಅಷ್ಟೇ.

ಯುಗಾದಿಗೆ ಊರಿಗೆ ಹೋದಾಗ ಅಪ್ಪ ಹಿತ್ತಲಲ್ಲಿ ಒಂದು ವಾಕರ್ ತೊಳೆಯುತ್ತಿದ್ದರು. ಸೋಪಿನ ನೀರು, ಹಳೆಯ ಟೂತ್‌ಬ್ರಷ್ಷು. ಸ್ಕ್ರೂ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದರು. ಅಮ್ಮನ ಕಾಲು ತೊಳೆಯುತ್ತಿದ್ದದ್ದೂ ಹಾಗೇ. ನಾನೂ ಪಕ್ಕದಲ್ಲಿ ಕೂತು ಬಟ್ಟೆಯಲ್ಲಿ ಒರೆಸಿದೆ. ಈಗ ಅವರ ಹತ್ತಿರ ಐದು ಗಾಲಿಕುರ್ಚಿ ಇವೆ. ನಾಲ್ಕನ್ನು ಊರಿನವರೇ ತಂದುಕೊಟ್ಟದ್ದು, ಎಲ್ಲವೂ ಯಾರದೋ ಮನೆಯಲ್ಲಿ ಸುಮ್ನೆ ಮೂಲೆ ಸೇರಿದ್ದವು. ಎರಡು ವರ್ಷದಲ್ಲಿ ವಾಪಸ್ ಬಾರದ್ದು ಒಂದು ಊರುಗೋಲು ಮಾತ್ರ.

ಆಂಟಿಯ ವಸ್ತುಗಳು ಇನ್ನೂ ಮನೆಯಲ್ಲಿದ್ದರೆ ನಿಮ್ಮ ಮಕ್ಕಳ ಜೊತೆ ಕೂತು ಒಮ್ಮೆ ಆ ಕೋಣೆಯ ಬಾಗಿಲು ತೆಗೆಯಿರಿ. ಬೇಡ ಅನ್ನುತ್ತಿರುವುದು 8 ಲಕ್ಷಕ್ಕೋ ಇನ್ನು ಯಾವುದಕ್ಕೋ, ಅಲ್ಲಿ ಗೊತ್ತಾಗುತ್ತದೆ.
– ಮಗಳು, ಮೈಸೂರು

ಹೊಸ ಸಂಸ್ಥೆಯನ್ನೇ ಕಟ್ಟಬೇಕು ಎಂದೇನಿಲ್ಲ ಸರ್. ನಾನು ನಿವೃತ್ತ ಮುಖ್ಯ ಶಿಕ್ಷಕಿ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. ಕಟ್ಟಡ ಇದೆ, ಪುಸ್ತಕ ಇದೆ, ಮೇಲ್ವಿಚಾರಕಿ ಇದ್ದಾರೆ. ಇಲ್ಲದ್ದು ಮಕ್ಕಳ ಜೊತೆ ಕೂತು ಓದುವ ಒಬ್ಬ ಹಿರಿಯರು. ದಿನಾ ಸಂಜೆ ಒಂದು ತಾಸು ನಾನು ಆ ಕೆಲಸ ಮಾಡುತ್ತೇನೆ. ಸಂಘ ಇಲ್ಲ, ರಸೀದಿ ಇಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದ್ದು ಇಡುಗಂಟಿನಿಂದಲ್ಲ. ದಿನದ ದುಡಿಮೆಯಲ್ಲಿ ಉಳಿಸಿ, ಕಚೇರಿ ಕಚೇರಿ ಅಲೆದು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವ ಹೊತ್ತಿಗೆ ಅವರು ಆ ಕೆಲಸ ಹಿಡಿದು ಎರಡು ದಶಕವಾಗಿತ್ತು. ಎಲೆಕ್ಷನ್ ಅನ್ನುವವರು ಅಂದುಕೊಳ್ಳಲಿ, ಆರು ತಿಂಗಳು ಬಿಡದೆ ಹೋದರೆ ತಾವೇ ಸುಮ್ಮನಾಗುತ್ತಾರೆ.
– ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ

ಸರ್, ನಾನೂ ಅರಸೀಕೆರೆಯವಳೇ. ಗಾರ್ಮೆಂಟ್ಸ್ ಕೆಲಸ, ವಾರದ ದಿನ ರಜೆ ಸಿಗುವುದಿಲ್ಲ. ನಮ್ಮ ಅವ್ವನಿಗೆ 67 ವರ್ಷ. ಓದು ಬರಹ ಬಾರದು. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ, ಯಾಕೆ ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡು, ಹಳೆಯ ಮಂಜೂರಾತಿ ಪತ್ರ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಪತ್ರಿಕೆಯವರ ಬಳಿ ನನ್ನ ನಂಬರ್ ಇದೆ. ಯಾವ ಬೀದಿ, ಎಷ್ಟು ಹೊತ್ತಿಗೆ ಎಂದು ತಿಳಿಸಿದರೆ ಅವ್ವನನ್ನು ಕಳಿಸುತ್ತೇನೆ. ಅವರಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡಬೇಕು.
– ಓದುಗಿ, ಅರಸೀಕೆರೆ