ಅಪ್‌ಡೇಟ್: ಎಂಜಿನ್ ಟೆಂಪರೇಚರ್ ಮುಳ್ಳಿನ ಕುಣಿತ ನಿಂತಿತು

ಹೋದ ವಾರ ಕೇಳಿದ್ದೆ ಅಲ್ವಾ, ಹಾಯಿದೋಣಿಯ ಡೀಸೆಲ್ ಎಂಜಿನ್ ಓಡುವಾಗ ಟೆಂಪರೇಚರ್ ಮುಳ್ಳು 80 ಡಿಗ್ರಿಯಿಂದ ಸುಮ್ನೆ 110ಕ್ಕೆ ಜಿಗಿದು ವಾಪಸ್ ಬರುತ್ತದೆ ಅಂತ. ಈಗ ಸರಿಹೋಗಿದೆ.

ಮೊದಲು ಸೆಂಡರ್ (ಎಂಜಿನ್‌ನ ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್) ಬದಲಿಸಿದೆ, ಪ್ರಯೋಜನವಾಗಲಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದಾಗ ಥರ್ಮೋಸ್ಟಾಟ್ (ಕೂಲಿಂಗ್ ನೀರಿನ ಹರಿವನ್ನು ಹಿಡಿತದಲ್ಲಿಡುವ ವಾಲ್ವ್) ಹತ್ತಿರ ಬಿಸಿ ಒಂದೇ ಸಮನಿತ್ತು. ಎಂಜಿನ್‌ಗೆ ಏನೂ ಆಗಿಲ್ಲ ಅಂತ ನೆಮ್ಮದಿಯಾಯಿತು.

ಕೊನೆಗೆ ಕೈಹಿಡಿದದ್ದು "ಪ್ಯಾನೆಲ್ ಲೈಟ್ ಹಾಕಿ ಮುಳ್ಳು ನೋಡಿ" ಎಂದವರ ಮಾತು. ಲೈಟ್ ಹಾಕಿದ ಕೂಡಲೇ ಮುಳ್ಳು ಜರುಗಿತು! ಲೈಟಿಗೂ ಮುಳ್ಳಿರುವ ಗೇಜಿಗೂ ಗ್ರೌಂಡ್ ವೈರ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ವೈರ್) ಒಂದೇ, ಅದೇ ಕೆಟ್ಟಿತ್ತು. ಗೇಜಿನ ನೆಗೆಟಿವ್‌ಗೂ ಬ್ಯಾಟರಿ ನೆಗೆಟಿವ್‌ಗೂ ಮಲ್ಟಿಮೀಟರ್ ಇಟ್ಟರೆ 1.3 ವೋಲ್ಟ್ ತೋರಿಸಿತು, ಇರಬೇಕಾದ್ದು ಸೊನ್ನೆಯ ಹತ್ತಿರ. ಪ್ಯಾನೆಲ್ ಹಿಂದಿನ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಅದನ್ನು ಕತ್ತರಿಸಿ ತೆಗೆದು, ತವರ ಲೇಪದ ಹೊಸ ವೈರ್ ಹಾಕಿ ಕ್ರಿಂಪ್ ಮಾಡಿದೆ (ಟರ್ಮಿನಲ್ ಒತ್ತಿ ಬಿಗಿ ಮಾಡಿದೆ).

ನನಗೆ ಗೊತ್ತೇ ಇರದ ವಿಷಯ ಇನ್ನೊಂದಿದೆ. ಒಂದೇ ವೈರ್ ಇರುವ ಸೆಂಡರ್‌ಗೆ ಎಂಜಿನ್ ಬ್ಲಾಕೇ ಗ್ರೌಂಡ್. ಅದರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೆ ಅಲ್ಲೂ ಸಂಪರ್ಕ ಕೆಡಬಹುದು. ನಾನು ಸುತ್ತಿದ್ದನ್ನೂ ತೆಗೆದೆ. ಮೂರು ದಿನ ಓಡಿಸಿದ್ದೇನೆ, ಮುಳ್ಳು 80 ಬಿಟ್ಟು ಕದಲಿಲ್ಲ. ಲೈಟ್ ಉಪಾಯ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.