46ಕ್ಕೆ ಬ್ಯಾಟ್ ಹಿಡಿದೆ, ಬರೀ ಸೋಲು: ಬಿಡೋದಾ, ಆಡೋದಾ?

21 ವರ್ಷ ಮಾಡಿದ ಕೆಲಸ ಹೋಯಿತು. ಸುಮ್ನೆ ಕೂರಲಾಗದೆ ಟೇಬಲ್ ಟೆನಿಸ್ ಶುರು ಮಾಡಿದೆ. ನನ್ನ ಹಾಗೇ ಹೊಟ್ಟೆ ಬಂದಿರುವ ಮೂವರನ್ನು ಸೇರಿಸಿ ಟೀಮ್ ಕಟ್ಟಿದ್ದೇನೆ. ಒಂದು ಪಂದ್ಯವನ್ನೂ ಗೆದ್ದಿಲ್ಲ. ಹುಡುಗರು ನಗುತ್ತಾರೆ. ಅನುಭವ ಇರುವವರು ಹೇಳಿ.

*

ಬಿಡಬೇಡಿ ಸರ್. ನಾನು ಶುರು ಮಾಡಿದ್ದು 48ಕ್ಕೆ. ಮೊದಲ ಪಂದ್ಯವೇ ಡಬಲ್ಸ್. ಅದರಲ್ಲಿ ಜೊತೆಗಾರರು ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು ಅಲ್ವಾ? ಹೊಡೆದ ತಕ್ಷಣ ಸರಿದು ಜಾಗ ಬಿಡಬೇಕು. ನಾವಿಬ್ಬರೂ ಸೇರಿ 180 ಕಿಲೋ. ನಾನು ಎಡಕ್ಕೆ ಸರಿದೆ, ಅವರೂ ಎಡಕ್ಕೇ ಬಂದರು. ಹೊಟ್ಟೆಗೆ ಹೊಟ್ಟೆ ಡಿಕ್ಕಿ. ನನ್ನ ಕನ್ನಡಕ ಟೇಬಲ್ ಮೇಲೆ ಬಿತ್ತು, ಚೆಂಡು ಅದರ ಪಕ್ಕದಲ್ಲೇ ಎರಡು ಸಲ ಪುಟಿಯಿತು. ಅಂಪೈರ್ ಸ್ಕೋರ್ ಬೋರ್ಡನ್ನು ಮುಖಕ್ಕೆ ಅಡ್ಡ ಹಿಡಿದರು. 11-2, 11-1, 11-3. ಎರಡನೇ ಗೇಮ್‌ನ ಆ ಒಂದು ಪಾಯಿಂಟೂ ಎದುರಿನ ಹುಡುಗ ಸರ್ವಿಸ್ ನೆಟ್‌ಗೆ ಹೊಡೆದಿದ್ದಕ್ಕೆ ಸಿಕ್ಕಿದ್ದು.

ಓಡಾಟದಲ್ಲಿ ಹುಡುಗರನ್ನು ಮೀರಿಸಲು ಆಗಲ್ಲ ಅಂತ ಆವತ್ತೇ ಗೊತ್ತಾಯಿತು. ಹಾಗಾಗಿ ಸರ್ವಿಸ್ ಹಿಡಿದುಕೊಂಡೆವು. ಅದನ್ನು ಕಲಿಯಲು ಯಾರೂ ಎದುರಿಗೆ ಬೇಕಿಲ್ಲ, ಒಂದು ಬಕೆಟ್ ಚೆಂಡು ಸಾಕು. ಅಂಗೈ ಬಿಚ್ಚಿಟ್ಟು ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಹಾಕಬೇಕು. ತಡವಾಗಿ ಕಲಿತ ನಮ್ಮಂಥವರು ಮೇಲಕ್ಕೆ ಹಾಕದೆ ಕೈಯಲ್ಲಿದ್ದ ಹಾಗೇ ಹೊಡೆದು ಫೌಲ್ ಆಗುತ್ತೇವೆ.

ಇನ್ನೊಂದು ಅಸ್ತ್ರ, ಬ್ಯಾಟಿನ ಒಂದು ಕಡೆ ಉದ್ದ ಪಿಂಪಲ್ ರಬ್ಬರ್, ಅಂದರೆ ಮೈಮೇಲೆ ಉದ್ದನೆ ಗುಳ್ಳೆಗಳಿರುವ ರಬ್ಬರ್. ಎದುರಿನವರು ಟಾಪ್‌ಸ್ಪಿನ್ (ಮುಂದಕ್ಕೆ ತಿರುಗುವ ಚೆಂಡು) ಹೊಡೆದರೆ ಅದು ಅವರಿಗೇ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ ಚೆಂಡು) ಆಗಿ ವಾಪಸ್ ಹೋಗುತ್ತದೆ. ಅಭ್ಯಾಸ ಇಲ್ಲದ ಹುಡುಗ ಎರಡು ಸಲ ನೆಟ್‌ಗೆ ಹೊಡೆದು ತನ್ನ ಬ್ಯಾಟನ್ನೇ ತಿರುಗಿಸಿ ನೋಡಿಕೊಳ್ಳುತ್ತಾನೆ. ಆ ಮುಖ ನೋಡಲಿಕ್ಕಾದರೂ ಆಡಬೇಕು!

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಸೆಂಬರ್ಗ್‌ನ ನಿ ಶಿಯಾಲಿಯನ್ 61ನೇ ವಯಸ್ಸಿನಲ್ಲಿ ಮೊದಲ ಪಂದ್ಯ ಗೆದ್ದರು. ಆಕೆ 1983ರಲ್ಲೇ ವಿಶ್ವ ಚಾಂಪಿಯನ್. ನಮಗೂ ಅವರಿಗೂ ಹೋಲಿಕೆ ಇಲ್ಲ ಬಿಡಿ. ಆದರೆ ಅವರ ಕಾಲು ನೋಡಿ. ಇದ್ದಲ್ಲೇ ನಿಂತು ಎದುರಿನವರನ್ನು ಓಡಿಸುತ್ತಾರೆ.

*

ಒಂದು ಎಚ್ಚರಿಕೆ. ಮೂರನೇ ವಾರಕ್ಕೆ ಏದುಸಿರು ಕಡಿಮೆಯಾಯಿತು ಅಂತ ನಾನು ಹಾರಾಡಿದೆ. ಮೀನಖಂಡ ಹಿಡಿದು ಒಂದೂವರೆ ತಿಂಗಳು ಕುಂಟಿದೆ. ಉಸಿರು ಬೇಗ ಪಳಗುತ್ತದೆ, ಹಿಮ್ಮಡಿ ಮೇಲಿನ ಸ್ನಾಯುರಜ್ಜು ಅಷ್ಟು ಬೇಗ ಪಳಗುವುದಿಲ್ಲ. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವು ಕೊಡಿ. ಎದೆ ಹಿಡಿದ ಹಾಗಾದರೆ ಅಲ್ಲೇ ಬ್ಯಾಟ್ ಇಟ್ಟು ಡಾಕ್ಟರ್ ಹತ್ತಿರ ಹೋಗಿ, ಗೇಮ್ ಮುಗಿಸಿ ಅಲ್ಲ. ಆಮೇಲೆ, 40 ದಾಟಿದವರಿಗೇ ಬೇರೆ ವಿಭಾಗ ಇರುತ್ತದೆ, ಅಲ್ಲಿ ಹೆಸರು ಕೊಡಿ. ಇಪ್ಪತ್ತರ ಹುಡುಗರ ಕೈಲಿ ಯಾಕೆ ಸುಮ್ನೆ ಏಟು ತಿನ್ನುತ್ತೀರಿ?

*

ನಾನು ಆಡುವವಳಲ್ಲ, ನಮ್ಮ ಯಜಮಾನರು ಆಡುತ್ತಾರೆ. ಅವರಿಗೂ ಕೆಲಸ ಹೋಗಿತ್ತು. ನಾಲ್ಕು ತಿಂಗಳು ಮನೆಯಲ್ಲಿ ಮಾತೇ ಇರಲಿಲ್ಲ. ಈಗ ಕನ್ನಡಿ ಮುಂದೆ ಬಾಚಣಿಗೆ ಹಿಡಿದು ಬ್ಯಾಕ್‌ಹ್ಯಾಂಡ್ ಬೀಸುತ್ತಾರೆ. ತಲೆ ಬಾಚುವುದನ್ನು ಮಾತ್ರ ಮರೆಯುತ್ತಾರೆ. ಹೋದ ವಾರ ಬಾಗಿಲಲ್ಲೇ ನಿಂತು "11-7!" ಅಂತ ಕೂಗಿದರು. ಗೆದ್ದಿರಾ ಅಂದೆ. "ಇಲ್ಲ ಕಣೇ, ಏಳು ನಂದು" ಅಂದರು.